ಮೋಡದ ಮೇಲೆ ತೇಲುವ ತಕೆದಾ ಕೋಟೆ



ಕೆಲವು ದಿನಗಳಿಂದ ಒಂದು ಚಿತ್ರ ನಮ್ಮ ಸದಸ್ಯರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಬೆಳ್ಳನೆಯ ಮೋಡದ ಸಮುದ್ರ, ಅದರ ನಡುವೆ ಹಡಗಿನ ಹಾಗೆ ತೇಲುತ್ತಿರುವ ಒಂದು ಕಲ್ಲುಕೋಟೆ. ಚಿತ್ರದ ಕೆಳಗೆ ಒಬ್ಬರು ‘ಹಿಮಾಲಯದ ಗಂಧರ್ವ ನಗರ’ ಎಂದು ಬರೆದರೆ ಇನ್ನೊಬ್ಬರು ‘ಕಂಪ್ಯೂಟರಿನಲ್ಲಿ ಮಾಡಿದ್ದು, ನಂಬಬೇಡಿ’ ಎಂದಿದ್ದಾರೆ. ನಾಲ್ಕಾರು ಮಂದಿ ಅದನ್ನೇ ನಮಗೂ ಕಳಿಸಿ ‘ಕಾರ್ಯದರ್ಶಿಗಳೇ, ಇದು ನಿಜವೇ?’ ಎಂದು ಕೇಳಿದ್ದರಿಂದ ಈ ಲೇಖನ. ಕೋಟೆ ನಿಜ, ಮೋಡವೂ ನಿಜ. ಇರುವುದು ಜಪಾನಿನಲ್ಲಿ, ಹೆಸರು ತಕೆದಾ ಕೋಟೆ. ಇದರ ಬಗ್ಗೆ ಓದುತ್ತಾ ಹೋದ ಹಾಗೆ ಮೋಡಕ್ಕಿಂತ ಕಲ್ಲಿನ ಕಥೆಯೇ ದೊಡ್ಡದು ಎಂದು ನಮಗೆ ಅನ್ನಿಸಿತು. ನಾನೂರು ವರ್ಷ ಯಾರೂ ನೋಡಿಕೊಳ್ಳದೆ ಬಿಟ್ಟ ಕೋಟೆ ನೆಟ್ಟಗೆ ನಿಂತಿತ್ತು. ಜನ ಪ್ರೀತಿಯಿಂದ ನೋಡಲು ಬಂದ ಮೇಲೆ, ಐದಾರು ವರ್ಷದೊಳಗೆ ಸವೆಯತೊಡಗಿತು.

ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಪಶ್ಚಿಮ ಭಾಗದಲ್ಲಿ ಹ್ಯೋಗೊ ಎಂಬ ಪ್ರಾಂತವಿದೆ. ನಮ್ಮವರು ಕೇಳಿರುವ ಕೋಬೆ ಬಂದರು ಅದರ ಆಡಳಿತ ಕೇಂದ್ರ. ಅಲ್ಲಿಂದ ಉತ್ತರಕ್ಕೆ, ಗುಡ್ಡಗಳ ಸಾಲಿನೊಳಗೆ ಅಸಾಗೊ ಎಂಬ ಪಟ್ಟಣ ಪ್ರದೇಶ. ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಅದಕ್ಕೆ ಸೇರಿದ ತಕೆದಾ ಊರಿನ ಬೆನ್ನಿಗೇ ಒಂದು ಗುಡ್ಡ ಎದ್ದಿದೆ. ಸಮುದ್ರಮಟ್ಟದಿಂದ ಅದರ ಎತ್ತರ 353.7 ಮೀಟರ್. ಗುಡ್ಡದ ಹೆಸರು ಕೊಜೊಸಾನ್, ಅಂದರೆ ಹಳೇಕೋಟೆ ಬೆಟ್ಟ. ಕೆಳಗಿನಿಂದ ನೋಡಿದರೆ ಮಲಗಿದ ಹುಲಿಯಂತೆ ಕಾಣುತ್ತದೆಂದು ‘ಹುಲಿ ಮಲಗಿದ ಕೋಟೆ’ ಎಂಬ ಅರ್ಥದ ಇನ್ನೊಂದು ಹೆಸರೂ ಇದೆ. ಪಕ್ಕದಲ್ಲಿ ಮರುಯಾಮಾ ನದಿ ಹರಿಯುತ್ತದೆ. ಮೋಡದ ಚಿತ್ರಕ್ಕೆ ಮೂಲಕಾರಣ ಈ ನದಿಯೇ, ಅದನ್ನು ಮುಂದೆ ನೋಡೋಣ.

ಜಪಾನಿನ ಕೋಟೆ ಎಂದೊಡನೆ ಬಿಳಿ ಗೋಡೆಯ, ಅಂತಸ್ತಿನ ಮೇಲೆ ಅಂತಸ್ತು ಏರಿಸಿದ, ಮೂಲೆ ಬಾಗಿದ ಹೆಂಚಿನ ಮಾಡಿನ ಗೋಪುರ ಕಣ್ಣಿಗೆ ಬರುತ್ತದೆ. ಕ್ಯಾಲೆಂಡರುಗಳಲ್ಲಿ ಬರುವುದು ಅದೇ. ತಕೆದಾದಲ್ಲಿ ಅಂಥದ್ದು ಒಂದೂ ಇಲ್ಲ. ಬಾಗಿಲಿಲ್ಲ, ಮಾಡಿಲ್ಲ, ಒಂದು ಕಂಬವೂ ಇಲ್ಲ. ಇರುವುದು ಕಲ್ಲಿನ ಕಟ್ಟೆಗಳು, ಮೆಟ್ಟಿಲುಗಳು, ಕಂಬ ನಿಲ್ಲಿಸುತ್ತಿದ್ದ ತಳಗಲ್ಲುಗಳು, ಉಳಿದದ್ದು ಹುಲ್ಲು. ಆದರೆ ಅಷ್ಟೂ ಕಟ್ಟೆಗಳು ಒಂದಕ್ಕೊಂದು ಕೂಡಿಕೊಂಡು, ಕೋಟೆಯ ಪೂರ್ತಿ ನಕಾಶೆಯನ್ನು ನೆಲದ ಮೇಲೆ ಬರೆದಿಟ್ಟ ಹಾಗೆ ಉಳಿದಿವೆ. ಗುಡ್ಡದ ಕೋಟೆಗಳಲ್ಲಿ ಇಷ್ಟು ಇಡಿಯಾಗಿ ಕಲ್ಲುಗೋಡೆ ಉಳಿದದ್ದು ಜಪಾನಿನಲ್ಲೇ ಅಪರೂಪ.

ನಮ್ಮ ಹಳೆಯ ಶಾಸ್ತ್ರಗಳಲ್ಲಿ ಗಿರಿದುರ್ಗ, ಜಲದುರ್ಗ, ವನದುರ್ಗ ಎಂದು ಕೋಟೆಗಳಿಗೆ ಜಾತಿ ಹೇಳಿದ ಹಾಗೆ ಅವರಲ್ಲೂ ಇದೆ. ಗುಡ್ಡದ ತುದಿಯ ಕೋಟೆ ‘ಯಮಾಜಿರೊ’, ಬಯಲಿನ ಕೋಟೆ ‘ಹಿರಾಜಿರೊ’, ಬಯಲಿನ ನಡುವಿನ ಸಣ್ಣ ದಿಬ್ಬದ ಮೇಲಿನದು ‘ಹಿರಾಯಮಾಜಿರೊ’. ದೇಶದಾದ್ಯಂತ ಮೂವತ್ತು ಸಾವಿರಕ್ಕೂ ಮೀರಿ ಕೋಟೆ ನೆಲೆಗಳಿವೆ ಎನ್ನುತ್ತಾರೆ. ಮಧ್ಯಕಾಲದವುಗಳಲ್ಲಿ ಬಹುಪಾಲು ಗುಡ್ಡದ ಮೇಲಿನವು, ಅವುಗಳಲ್ಲಿ ಹೆಚ್ಚಿನವು ಬರೀ ಮಣ್ಣಿನವು. ಮಣ್ಣಿನ ಕೋಟೆ ಎಂದರೆ ಮಣ್ಣಿನ ಗೋಡೆ ಎಂದು ತಿಳಿಯಬಾರದು. ಗುಡ್ಡದ ನೆತ್ತಿಯನ್ನು ಕಡಿದು ಮಟ್ಟಸ ಮಾಡುವುದು, ಏಣು ಮುಂದುವರಿಯುವ ಕಡೆ ಅಡ್ಡಲಾಗಿ ಕಂದಕ ತೋಡುವುದು, ಇಳಿಜಾರಿನ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಕಾಲುವೆಯಂತೆ ಆಳವಾದ ಗೀರು ಹಾಕುವುದು. ಈ ಕೊನೆಯದು ಜಾಣತನದ ಕೆಲಸ. ಹತ್ತಿ ಬರುವ ಶತ್ರುಗಳು ಇಳಿಜಾರಿನಲ್ಲಿ ಅಡ್ಡಡ್ಡ ಹರಡಿಕೊಳ್ಳಲಾಗದೆ ಒಂದೇ ಸಾಲಿನಲ್ಲಿ ಬರಬೇಕಾಗುತ್ತದೆ, ಮೇಲಿದ್ದವರಿಗೆ ಬಾಣ ಬಿಡಲು ಸುಲಭ. ಮೇಲೆ ಮರದ ಬೇಲಿ, ಕಾವಲು ಅಟ್ಟಣೆ. ದೊರೆ ಮತ್ತವನ ಸಂಸಾರ ಗುಡ್ಡದ ಬುಡದ ಮನೆಯಲ್ಲಿರುತ್ತಿದ್ದರು, ಯುದ್ಧ ಬಂದಾಗ ಮಾತ್ರ ಮೇಲೆ. ತಕೆದಾ ಕೋಟೆಯ ಮೊದಲ ರೂಪವೂ ಇದೇ. ಕಲ್ಲು ಬಂದದ್ದು ಒಂದೂವರೆ ಶತಮಾನ ಕಳೆದ ಮೇಲೆ.

ರೂಢಿಯಲ್ಲಿ ಹೇಳುವ ಪ್ರಕಾರ 1431ರಲ್ಲಿ ಕೆಲಸ ಶುರುವಾಗಿ 1443ರಲ್ಲಿ ಮುಗಿಯಿತು. ಕಟ್ಟಿಸಿದವನು ಯಮಾನಾ ಸೋಜೆನ್. ಅಸಾಗೊ ಸೇರಿದ್ದ ತಾಜಿಮಾ ಸೀಮೆಗೆ ಅವನೇ ಅಧಿಪತಿ. ಅವನ ಪರವಾಗಿ ಓಟಗಾಕಿ ಮಿತ್ಸುಕಾಗೆ ಎಂಬ ಸರದಾರ ಕೋಟೆಯ ಮೊದಲ ಕಿಲ್ಲೇದಾರನಾದ. ಕೋಟೆ ಯಾಕೆ ಬೇಕಾಯಿತು ಎಂದರೆ ದಕ್ಷಿಣದಲ್ಲಿ ಗಡಿಗೆ ತಾಗಿದ ಹಾರಿಮಾ ಸೀಮೆ, ಅದನ್ನು ಆಳುತ್ತಿದ್ದ ಅಕಾಮಾತ್ಸು ಮನೆತನ. ಯಮಾನಾ ಮತ್ತು ಅಕಾಮಾತ್ಸು ಮನೆತನಗಳ ವೈರ ಹಳೆಯದು. ಈ ಎರಡು ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಗಡಿಯಲ್ಲಿ ಬದುಕುವವರಿಗೆ ಇಂಥ ವಿಷಯ ಬೇಗ ಅರ್ಥವಾಗುತ್ತದೆ. ರೇಖೆ ಎಲ್ಲಿದೆಯೋ ಅಲ್ಲೇ ಕೋಟೆ ಏಳುತ್ತದೆ.

ಕೋಟೆಯ ಕೆಲಸ ನಡೆಯುತ್ತಿದ್ದಾಗಲೇ, 1441ರಲ್ಲಿ, ಕ್ಯೋಟೊ ನಗರದಲ್ಲಿ ದೊಡ್ಡ ಅನಾಹುತವಾಯಿತು. ಅಕಾಮಾತ್ಸು ಮಿತ್ಸುಸುಕೆ ಎಂಬವನು ಶೋಗನ್ ಅಶಿಕಾಗಾ ಯೋಶಿನೋರಿಯನ್ನು ತನ್ನ ಮನೆಗೆ ಔತಣಕ್ಕೆ ಕರೆದು, ಆಟ ನೋಡುತ್ತಾ ಕೂತಿದ್ದವನನ್ನು ಕೊಲ್ಲಿಸಿದ. ಶೋಗನ್ ಎಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶವನ್ನೇ ಆಳುತ್ತಿದ್ದ ಸೇನಾಧಿಪತಿ. ತಪ್ಪಿಗೆ ಶಿಕ್ಷೆ ಕೊಡಲು ಹೊರಟ ಸೈನ್ಯದಲ್ಲಿ ಸೋಜೆನ್ ಮುಂದಾಳು. ಮಿತ್ಸುಸುಕೆ ಸೋತು ಸತ್ತ, ಹಾರಿಮಾ ಸೀಮೆ ಯಮಾನಾ ಕೈಗೆ ಬಂತು. ಇದೇ ಸೋಜೆನ್ ಮುಂದೆ 1467ರಿಂದ ಹನ್ನೊಂದು ವರ್ಷ ಕ್ಯೋಟೊವನ್ನು ಸುಟ್ಟು ಬೂದಿಮಾಡಿದ ಓನಿನ್ ಯುದ್ಧದಲ್ಲಿ ಒಂದು ಪಕ್ಷದ ನಾಯಕ, ಮತ್ತು ಆ ಯುದ್ಧ ಮುಗಿಯುವ ಮೊದಲೇ 1473ರಲ್ಲಿ ತೀರಿಕೊಂಡ. ಆಮೇಲೆ ನೂರು ವರ್ಷ ಯಾರಿಗೆ ಯಾರೂ ಇಲ್ಲ. ಪಾಳೇಗಾರರ ಕಾಲ ಎಂದು ನಮ್ಮ ಕಡೆ ಹೇಳುವ ಹಾಗೆ ಒಂದೊಂದು ಕಣಿವೆಗೆ ಒಬ್ಬೊಬ್ಬ ದೊರೆ, ಒಂದೊಂದು ಗುಡ್ಡಕ್ಕೆ ಒಂದೊಂದು ಕೋಟೆ. ಓಟಗಾಕಿಗಳು ತಲೆಮಾರಿನಿಂದ ತಲೆಮಾರಿಗೆ ತಕೆದಾವನ್ನು ಹಿಡಿದುಕೊಂಡೇ ಇದ್ದರು.

ಇದರ ಮಧ್ಯೆ ಇನ್ನೊಂದು ವಿಷಯ ಸೇರಿಕೊಂಡಿತು, ಬೆಳ್ಳಿ. ಇಂದಿನ ಅಸಾಗೊ ಎಲ್ಲೆಯೊಳಗೇ ತಕೆದಾದ ದಕ್ಷಿಣಕ್ಕೆ ಇಕುನೊ ಎಂಬ ಊರಿದೆ. 1542ರ ಸುಮಾರಿಗೆ ಅಲ್ಲಿ ಬೆಳ್ಳಿ ಗಣಿ ಜೋರಾಗಿ ನಡೆಯಲು ಶುರುವಾಯಿತು. ಆ ಗಣಿ ಮುಚ್ಚಿದ್ದು 1973ರಲ್ಲಿ ಎಂದರೆ ಅದರ ಆಳ ಊಹಿಸಿಕೊಳ್ಳಿ. ಗಡಿಕಾವಲಿಗೆಂದು ಕಟ್ಟಿದ ಕೋಟೆ ಈಗ ಖಜಾನೆಯ ಬಾಗಿಲಿನ ಹತ್ತಿರ ಬಂದ ಹಾಗಾಯಿತು. 1577ರಲ್ಲಿ ಓಡಾ ನೊಬುನಾಗಾನ ಸೇನಾಪತಿ ಹಿದೆಯೋಶಿ ಪಶ್ಚಿಮದ ಮೇಲೆ ದಂಡೆತ್ತಿ ಬಂದಾಗ ಅವನ ತಮ್ಮ ಹಿದೆನಾಗಾ ತಾಜಿಮಾಕ್ಕೆ ನುಗ್ಗಿ ತಕೆದಾವನ್ನು ಹಿಡಿದ. 1580ರ ಹೊತ್ತಿಗೆ ಇಡೀ ಸೀಮೆ ಅವರ ಕೈಸೇರಿತು, ಓಟಗಾಕಿಗಳ ಕಾಲ ಮುಗಿಯಿತು. ನೊಬುನಾಗಾ 1582ರಲ್ಲಿ ಸತ್ತ ಮೇಲೆ ರೈತನ ಮಗನೆಂದು ಹೆಸರಾದ ಹಿದೆಯೋಶಿಯೇ ದೇಶದ ಒಡೆಯನಾದ. ಅವನು 1585ರಲ್ಲಿ ತಕೆದಾ ಕೋಟೆಯನ್ನು ಒಬ್ಬ ತರುಣನಿಗೆ ಕೊಟ್ಟ. ಅವನ ಹೆಸರು ಅಕಾಮಾತ್ಸು ಹಿರೋಹಿದೆ. ಹೌದು, ಅದೇ ಅಕಾಮಾತ್ಸು. ಯಾವ ಮನೆತನವನ್ನು ತಡೆಯಲು ಈ ಕೋಟೆ ಎದ್ದಿತ್ತೋ ಆ ಮನೆತನದ ಕುಡಿಯೇ ಅದರ ದೊರೆಯಾಗಿ ಬಂತು. ಅವನೇ ಕೊನೆಯ ದೊರೆ.

ಈಗ ಕಾಣುವ ಕಲ್ಲುಗೋಡೆಗಳು ಹಿರೋಹಿದೆಯ ಕಾಲದವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಕೋಟೆ ಉತ್ತರ-ದಕ್ಷಿಣವಾಗಿ ಸುಮಾರು 400 ಮೀಟರ್, ಪೂರ್ವ-ಪಶ್ಚಿಮವಾಗಿ ಸುಮಾರು 100 ಮೀಟರ್. ನಡುವೆ ಎತ್ತರದಲ್ಲಿ ಗೋಪುರದ ಕಟ್ಟೆ. ಅದಕ್ಕೆ ಅಂಟಿದಂತೆ ‘ಹೊನ್ಮಾರು’ ಎಂಬ ಒಳಕೋಟೆ. ಅಲ್ಲಿಂದ ಏಣುಗಳ ಮೇಲೆ ಮೂರು ಕಡೆಗೆ ಕೈಚಾಚಿದ ಹಾಗೆ ಎರಡನೆಯ ಕೋಟೆ, ಮೂರನೆಯ ಕೋಟೆ, ಉತ್ತರದ ಸಾವಿರಚಾಪೆ, ದಕ್ಷಿಣದ ಸಾವಿರಚಾಪೆ, ‘ಹೂವಿನ ಮನೆ’ ಎಂದು ಮಟ್ಟಸವಾದ ಅಂಗಳಗಳು. ಸಾವಿರಚಾಪೆ ಎಂದರೆ ಸಾವಿರ ಚಾಪೆ ಹಾಸುವಷ್ಟು ವಿಶಾಲ ಎಂದರ್ಥ. ಅವರಲ್ಲಿ ಕೋಣೆಯ ಅಳತೆಯನ್ನೂ ಚಾಪೆಯ ಲೆಕ್ಕದಲ್ಲೇ ಹೇಳುತ್ತಾರೆ. ಆಕಾಶದಿಂದ ನೋಡಿದರೆ ರೆಕ್ಕೆ ಬಿಚ್ಚಿದ ಹಕ್ಕಿ ಕಂಡಂತಾಗುತ್ತದೆ. ಬಾಗಿಲುಗಳಿದ್ದ ಜಾಗದಲ್ಲಿ ದಾರಿ ನೇರವಾಗಿ ಹೋಗದೆ ಕಲ್ಲಿನ ಪೆಟ್ಟಿಗೆಯೊಳಗೆ ಹೊಕ್ಕು ಪಕ್ಕಕ್ಕೆ ತಿರುಗುತ್ತದೆ. ಒಳಗೆ ಸಿಕ್ಕವನಿಗೆ ಮೂರು ದಿಕ್ಕಿನಿಂದಲೂ ಏಟು. ರಾಯದುರ್ಗ, ಆದವಾನಿಯ ಬೆಟ್ಟ ಹತ್ತಿದವರಿಗೆ ಈ ಬಾಗಿಲಿನ ತಿರುವು ಹೊಸದಲ್ಲ. ಕೋಟೆ ಕಟ್ಟುವವರ ಬುದ್ಧಿ ಎಲ್ಲ ಕಡೆಯೂ ಒಂದೇ ರೀತಿ ಓಡಿದೆ.

ಗೋಡೆಯ ಕೆಲಸ ಮಾತ್ರ ಬೇರೆ. ಇಲ್ಲಿ ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿಗೆ ಉಳಿಯ ನಯಗಾರಿಕೆಯೂ ಇಲ್ಲ. ಗುಡ್ಡದಲ್ಲೇ ಸಿಕ್ಕ ಕಲ್ಲನ್ನು ಇದ್ದ ರೂಪದಲ್ಲೇ ಒಂದರ ಮೇಲೊಂದು ಕೂರಿಸಿದ್ದು. ಈ ಕೆಲಸಕ್ಕೆ ಹೆಸರಾದವರು ಬಿವಾ ಸರೋವರದ ದಡದ ಅನೋ ಎಂಬ ಊರಿನ ಕಲ್ಲುಕುಟಿಗರು. ನೊಬುನಾಗಾ 1576ರಲ್ಲಿ ಅಜುಚಿ ಕೋಟೆ ಕಟ್ಟಿಸಿದಾಗ ಅವರ ಕೀರ್ತಿ ದೇಶಕ್ಕೆಲ್ಲ ಹಬ್ಬಿತು. ತಕೆದಾದ ಗೋಡೆಗಳೂ ಅದೇ ಪದ್ಧತಿಯವು. ಹೊರಗೆ ಕಾಣುವ ದೊಡ್ಡ ಕಲ್ಲಿನ ಉದ್ದ ಒಳಮುಖವಾಗಿರುತ್ತದೆ. ನಮಗೆ ಕಾಣುವುದು ಅದರ ತಲೆ ಮಾತ್ರ. ಕಲ್ಲುಗಳ ನಡುವಿನ ಸಂದಿಗೆ ಚಕ್ಕೆಕಲ್ಲು ತುರುಕುತ್ತಾರೆ. ಹಿಂದೆ, ಗುಡ್ಡದ ಮಣ್ಣಿಗೂ ಗೋಡೆಗೂ ನಡುವೆ, ದಪ್ಪವಾಗಿ ಸಣ್ಣ ಗುಂಡುಕಲ್ಲುಗಳನ್ನು ತುಂಬುತ್ತಾರೆ. ಮೂಲೆಯಲ್ಲಿ ಉದ್ದನೆಯ ಕಲ್ಲುಗಳನ್ನು ಒಂದು ಸಾಲು ಈ ಕಡೆಗೆ, ಮುಂದಿನ ಸಾಲು ಆ ಕಡೆಗೆ ಹೊರಳಿಸಿ ಬೆಸೆಯುತ್ತಾರೆ. ಇಡೀ ಗೋಡೆ ಗುಡ್ಡದ ಕಡೆಗೆ ಸ್ವಲ್ಪ ಒರಗಿರುತ್ತದೆ.

ಜಪಾನಿನಲ್ಲಿ ಮಳೆ ಹೆಚ್ಚು, ಭೂಕಂಪವೂ ಹೆಚ್ಚು. ಮಳೆನೀರು ಮಣ್ಣಿನೊಳಗಿಂದ ಇಳಿದು ಬಂದರೆ ಗುಂಡುಕಲ್ಲಿನ ಪದರ ಅದನ್ನು ಹೀರಿ ಸಂದಿಗಳಿಂದ ಹೊರಗೆ ಬಿಡುತ್ತದೆ, ಗೋಡೆಯ ಬೆನ್ನಿಗೆ ನೀರಿನ ಒತ್ತಡ ಬೀಳುವುದಿಲ್ಲ. ನೆಲ ನಡುಗಿದರೆ ಗಾರೆ ಹಾಕಿದ ಗೋಡೆಯ ಹಾಗೆ ಒಮ್ಮೆಲೇ ಸೀಳುವುದಿಲ್ಲ, ಕಲ್ಲುಗಳು ತುಸು ಅಲುಗಾಡಿ ಮತ್ತೆ ಕೂರುತ್ತವೆ. ನಮ್ಮ ಕಡೆ ಹಳೆಯ ಬಾವಿಗಳ ಒಳಗೋಡೆ ನೋಡಿದವರಿಗೆ ಇದರ ಗುಟ್ಟು ತಿಳಿದೀತು. ಅಲ್ಲೂ ಗಾರೆಯಿಲ್ಲದ ಕಲ್ಲೇ ನೂರಾರು ವರ್ಷ ತಾಳುತ್ತದೆ. ಕಟ್ಟುವವನಿಗೆ ಕಲ್ಲಿನ ಮುಖ ನೋಡಿ ಅದರ ಜಾಗ ಹೇಳುವ ಕಣ್ಣು ಬೇಕು, ಅಷ್ಟೆ. ಆ ‘ಅಷ್ಟೆ’ ಎಂಬುದಕ್ಕೆ ಎಷ್ಟು ವರ್ಷ ಹಿಡಿಯುತ್ತದೋ ಅನೋ ಊರಿನವರನ್ನೇ ಕೇಳಬೇಕು.

ಸರಕಾರಿ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ನಮಗೆ ಇಲ್ಲಿ ಒಂದು ಲೆಕ್ಕ ಕಾಡಿತು. ಆಗಿನ ಜಪಾನಿನಲ್ಲಿ ದೊರೆಯ ಯೋಗ್ಯತೆಯನ್ನು ‘ಕೊಕು’ ಎಂಬ ಅಕ್ಕಿಯ ಅಳತೆಯಲ್ಲಿ ಹೇಳುತ್ತಿದ್ದರು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕಿಲೋ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಊಟ. ಹಿರೋಹಿದೆಯ ಜಹಗೀರು 22,000 ಕೊಕು. ಅಂದರೆ ಸುಮಾರು 33,000 ಕ್ವಿಂಟಲ್. ಅದೂ ಸೀಮೆಯ ಒಟ್ಟು ಬೆಳೆಯ ಅಂದಾಜು. ದೊರೆಯ ಕೈಗೆ ಬರುವುದು ಅದರಲ್ಲಿ ಒಂದು ಪಾಲು. ಅದರಲ್ಲೇ ಸೈನಿಕರ ಸಂಬಳ, ಕುದುರೆಯ ಮೇವು, ಮೇಲಿನ ಒಡೆಯನಿಗೆ ದಂಡು ಒದಗಿಸುವ ಖರ್ಚು. ಇಷ್ಟು ಸಣ್ಣ ದೊರೆ ಇಷ್ಟು ದೊಡ್ಡ ಕಲ್ಲುಕೋಟೆಯನ್ನು ಹೇಗೆ ಎಬ್ಬಿಸಿದ? ಹಿಂದೆ ಹಿದೆಯೋಶಿಯ ಬೆಂಬಲವಿತ್ತು, ಬೆಳ್ಳಿಗಣಿಯ ರಕ್ಷಣೆ ಅವನಿಗೂ ಬೇಕಾಗಿತ್ತು ಎಂಬುದು ಇತಿಹಾಸಕಾರರು ಕೊಡುವ ಕಾರಣ. ಅದು ಸರಿಯೆಂದೇ ನಮಗೂ ತೋರುತ್ತದೆ. ಆದರೆ ಕಲ್ಲು ಹೊತ್ತವರು ಯಾರು ಎಂಬ ಪ್ರಶ್ನೆಗೆ ಆ ಊರಿನವರ ಬಾಯಲ್ಲಿ ಬೇರೆ ಉತ್ತರ ಉಳಿದಿದೆ. ಕೋಟೆ ಕೆಲಸಕ್ಕೆ ಜನರನ್ನು ಹಿಡಿದುಕೊಂಡು ಹೋಗಿ ಗದ್ದೆಗಳಲ್ಲಿ ಪೈನ್ ಮರ ಹುಟ್ಟಿತು ಎಂಬ ಪ್ರತೀತಿ ಅಲ್ಲಿದೆ. ಉಳುವವರಿಲ್ಲದೆ ಗದ್ದೆ ಕಾಡಾಯಿತು ಎಂಬ ಅರ್ಥ. ಬಿಟ್ಟಿ ಚಾಕರಿ ಎಂಬುದಕ್ಕೆ ಇದಕ್ಕಿಂತ ಚಿಕ್ಕ ವರದಿಯನ್ನು ನಾವು ಕಂಡಿಲ್ಲ.

ಹಾಗೆಂದು ಹಿರೋಹಿದೆ ಬರೀ ದರ್ಪದ ದೊರೆ ಎಂದು ಬರೆದರೆ ಅನ್ಯಾಯವಾದೀತು. ಅವನ ಬಗ್ಗೆ ಒಳ್ಳೆಯ ಮಾತು ಬರೆದಿಟ್ಟವನು ಶತ್ರುದೇಶದ ಒಬ್ಬ ಸೆರೆಯಾಳು. ಹಿದೆಯೋಶಿ 1592ರಲ್ಲೂ 1597ರಲ್ಲೂ ಕೊರಿಯಾದ ಮೇಲೆ ದಂಡೆತ್ತಿ ಹೋದ. ಎರಡನೆಯ ದಂಡಯಾತ್ರೆಯಲ್ಲಿ ಸೆರೆ ಸಿಕ್ಕವರಲ್ಲಿ ಕಾಂಗ್ ಹಾಂಗ್ ಎಂಬ ಕೊರಿಯಾದ ವಿದ್ವಾಂಸನೂ ಇದ್ದ. ಅವನನ್ನು ಜಪಾನಿಗೆ ತಂದು ಕೊನೆಗೆ ಕ್ಯೋಟೊ ಬಳಿಯ ಫುಶಿಮಿಯಲ್ಲಿ ಇಟ್ಟರು. ಅಲ್ಲಿ ಫುಜಿವಾರಾ ಸೇಕಾ ಎಂಬ ಜಪಾನೀ ಪಂಡಿತನಿಗೂ ಅವನಿಗೂ ಸ್ನೇಹವಾಯಿತು. ಕನ್ಫ್ಯೂಷಿಯಸ್ ಪರಂಪರೆಯ ಮೂಲಗ್ರಂಥಗಳನ್ನು ಕಾಂಗ್ ಹಾಂಗ್ ಪ್ರತಿ ಮಾಡಿಕೊಟ್ಟ, ಸೇಕಾ ಅವಕ್ಕೆ ಜಪಾನೀಯರು ಓದಲು ಬೇಕಾದ ಗುರುತುಗಳನ್ನು ಹಾಕಿದ. ಈ ಕೆಲಸಕ್ಕೆ ಆಶ್ರಯ ಕೊಟ್ಟವನು ಹಿರೋಹಿದೆ. 1600ರಲ್ಲಿ ಊರಿಗೆ ಮರಳಿದ ಕಾಂಗ್ ಹಾಂಗ್ ತನ್ನ ಸೆರೆವಾಸದ ದಾಖಲೆಯಲ್ಲಿ ಜಪಾನಿನ ಸರದಾರರ ಮೇಲೆ ಕಟುವಾಗಿಯೇ ಬರೆದ, ಹಿರೋಹಿದೆಯನ್ನು ಮಾತ್ರ ಹೊಗಳಿದ. ಗದ್ದೆಯಲ್ಲಿ ಮರ ಹುಟ್ಟಿಸಿದವನೂ ಇವನೇ, ಪುಸ್ತಕ ಬರೆಸಿದವನೂ ಇವನೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದೇ ಸರಿ.

1598ರಲ್ಲಿ ಹಿದೆಯೋಶಿ ಸತ್ತ. ಎರಡು ವರ್ಷದಲ್ಲಿ ದೇಶ ಎರಡು ಪಾಳೆಯವಾಗಿ ಒಡೆದು, 1600ರ ಅಕ್ಟೋಬರಿನಲ್ಲಿ ಸೆಕಿಗಹಾರಾ ಬಯಲಿನಲ್ಲಿ ಒಂದೇ ದಿನದ ಯುದ್ಧದಲ್ಲಿ ತೀರ್ಮಾನವಾಯಿತು. ತೊಕುಗಾವಾ ಇಯೆಯಾಸುವಿನ ಪೂರ್ವ ಸೈನ್ಯ ಗೆದ್ದಿತು. ಹಿರೋಹಿದೆ ಇದ್ದದ್ದು ಪಶ್ಚಿಮ ಪಕ್ಷದಲ್ಲಿ. ಸೆಕಿಗಹಾರಾಕ್ಕೆ ಅವನು ಹೋಗಿರಲಿಲ್ಲ, ಉತ್ತರದಲ್ಲಿ ತನಬೆ ಎಂಬ ಕೋಟೆಯ ಮುತ್ತಿಗೆಯಲ್ಲಿದ್ದ. ತನ್ನ ಪಕ್ಷ ಸೋತದ್ದು ತಿಳಿದ ಮೇಲೆ, ಗೆದ್ದವರ ಕಡೆಯ ಒಬ್ಬ ಸರದಾರನ ಮಾತಿನ ಮೇಲೆ ಪಕ್ಷ ಬದಲಿಸಿ ತೊತ್ತೋರಿ ಕೋಟೆಯ ಮೇಲೆ ದಾಳಿಗೆ ಹೋದ. ದಾಳಿಯಲ್ಲಿ ತೊತ್ತೋರಿ ಪೇಟೆ ಸುಟ್ಟುಹೋಯಿತು. ಬೆಂಕಿಯ ಹೊಣೆಯನ್ನು ಹಿರೋಹಿದೆಯ ತಲೆಗೆ ಕಟ್ಟಲಾಯಿತು. ಇಯೆಯಾಸುವಿನ ಆಜ್ಞೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೊತ್ತೋರಿಯ ಒಂದು ಬೌದ್ಧ ದೇಗುಲದಲ್ಲಿ ಅವನು ಹೊಟ್ಟೆ ಸೀಳಿಕೊಂಡು ಸತ್ತ. 1562ರಲ್ಲಿ ಹುಟ್ಟಿದವನು, ನಲವತ್ತು ತುಂಬಿರಲಿಲ್ಲ. ಅಕಾಮಾತ್ಸು ಮನೆತನದ ಆ ಕೊಂಬೆ ಅಲ್ಲಿಗೆ ಮುರಿಯಿತು. ಇಕುನೊ ಬೆಳ್ಳಿಗಣಿಯನ್ನು ಇಯೆಯಾಸು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡ. ಕೋಟೆ ಯಾರಿಗೂ ಬೇಡವಾಯಿತು. ಗೋಡೆಗಳಿಗೆ ಹದಿನೈದು ವರ್ಷವೂ ಆಗಿರಲಿಲ್ಲ.

ಕಾಲ ಬದಲಾಗಿತ್ತು ಎಂಬುದೂ ಒಂದು ಕಾರಣ. 1543ರಲ್ಲಿ ಪೋರ್ಚುಗೀಸರ ಜೊತೆ ಬಂದೂಕು ಬಂದಿತ್ತು. ದೇಶ ಒಬ್ಬನ ಕೈಗೆ ಬಂದ ಮೇಲೆ ದೊರೆಗಳಿಗೆ ಬೇಕಾದದ್ದು ಅಡಗಿಕೊಳ್ಳುವ ಗುಡ್ಡವಲ್ಲ, ಪೇಟೆ, ರಸ್ತೆ, ಕಂದಾಯ ಎಲ್ಲ ಕಣ್ಣಳತೆಯಲ್ಲಿರುವ ಬಯಲು. ಇದಕ್ಕೆ ಒಳ್ಳೆಯ ಸಾಕ್ಷಿ ಇದೇ ಹ್ಯೋಗೊ ಪ್ರಾಂತದಲ್ಲಿದೆ. ತಕೆದಾವನ್ನು ಬಿಟ್ಟ ಮರುವರ್ಷ, 1601ರಲ್ಲಿ, ಇಯೆಯಾಸುವಿನ ಅಳಿಯ ಇಕೆದಾ ತೆರುಮಾಸಾ ದಕ್ಷಿಣದ ಹಿಮೆಜಿಯಲ್ಲಿ ಕೋಟೆ ಕೆಲಸ ಶುರುಮಾಡಿದ. ಅವನ ಜಹಗೀರು 5,20,000 ಕೊಕು. 1609ರಲ್ಲಿ ಮುಗಿದ ಆ ಬಿಳಿ ಕೋಟೆ ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಕ್ಯಾಲೆಂಡರಿನಲ್ಲಿ ಬರುವುದು ಅದರ ಚಿತ್ರವೇ. 1615ರಲ್ಲಿ ಒಂದು ಸಂಸ್ಥಾನಕ್ಕೆ ಒಂದೇ ಕೋಟೆ ಎಂಬ ಆಜ್ಞೆ ಹೊರಟು ನೂರಾರು ಕೋಟೆಗಳು ನೆಲಸಮವಾದವು. ಉಳಿದವನ್ನು 1873ರ ನಂತರ ಮೇಜಿ ಸರಕಾರ ಮರಮುಟ್ಟಿಗೆ ಮಾರಿತು. ಹಳೆಯ ಗೋಪುರಗಳಲ್ಲಿ ಈಗ ದೇಶದಲ್ಲಿ ಉಳಿದಿರುವುದು 12 ಮಾತ್ರ. ತಕೆದಾದಲ್ಲಿ ಕೆಡವಲೂ ಏನೂ ಇರಲಿಲ್ಲ, ಮಾರಲೂ ಏನೂ ಇರಲಿಲ್ಲ. ಮರ ಕೊಳೆತಿತ್ತು, ಹೆಂಚು ಬಿದ್ದು ಮಣ್ಣಿನೊಳಗೆ ಸೇರಿತ್ತು. ಗುಡ್ಡದ ಮೇಲಿಂದ ಕಲ್ಲು ಇಳಿಸುವ ಕೂಲಿ ಕಲ್ಲಿನ ಬೆಲೆಗಿಂತ ಹೆಚ್ಚು. ಹೀಗೆ ಕೋಟೆ ಬದುಕಿಕೊಂಡಿತು.

1943ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ನೆಲೆ ಎಂದು ಘೋಷಿಸಿದರು. 1970ರ ದಶಕದಲ್ಲಿ ಕುಸಿದಿದ್ದ ಗೋಡೆಗಳನ್ನು ದುರಸ್ತಿ ಮಾಡಿದರು. 1990ರಲ್ಲಿ ಬಂದ ‘ತೆನ್ ತೊ ಚಿ ತೊ’ ಎಂಬ ಯುದ್ಧದ ಸಿನಿಮಾಕ್ಕೆ ಇಲ್ಲಿ ಚಿತ್ರೀಕರಣವಾಯಿತು. 2006ರಲ್ಲಿ ಜಪಾನಿನ 100 ಹೆಸರಾಂತ ಕೋಟೆಗಳ ಪಟ್ಟಿಗೆ ಸೇರಿತು. ಅಲ್ಲಿಯವರೆಗೂ ವರ್ಷಕ್ಕೆ ಕೆಲವು ಹತ್ತು ಸಾವಿರ ಜನ ಬರುತ್ತಿದ್ದರು, ಗುಡ್ಡ ಅದನ್ನು ತಾಳಿಕೊಂಡಿತ್ತು. 2012ರಲ್ಲಿ ಅಲ್ಲಿನ ದೊಡ್ಡ ನಟ ತಕಾಕುರಾ ಕೆನ್ ಅಭಿನಯದ ‘ಅನಾತಾ ಎ’ ಸಿನಿಮಾದಲ್ಲಿ ಕೋಟೆ ಕಾಣಿಸಿತು. ಮೋಡದ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಹರಡಿದವು. ‘ಆಕಾಶದ ಕೋಟೆ’, ‘ಜಪಾನಿನ ಮಾಚು ಪಿಚು’ ಎಂದು ಪತ್ರಿಕೆಗಳು ಹೆಸರಿಟ್ಟವು. 2013ರ ಆರ್ಥಿಕ ವರ್ಷದಲ್ಲಿ ಬಂದವರ ಸಂಖ್ಯೆ ಐದು ಲಕ್ಷ. ಮೂವತ್ತು ಸಾವಿರ ಜನರ ಊರಿಗೆ!

ಐದು ಲಕ್ಷ ಜನ ಬಂದರೆ ಕಲ್ಲಿಗೆ ಏನಾಗುತ್ತದೆ ಎಂದು ಕೇಳಬಹುದು. ಕಲ್ಲಿಗೆ ಮೊದಲು ಏನೂ ಆಗುವುದಿಲ್ಲ, ಹುಲ್ಲಿಗೆ ಆಗುತ್ತದೆ. ಆ ಅಂಗಳಗಳ ಮಣ್ಣನ್ನು ಹಿಡಿದಿದ್ದದ್ದು ಹುಲ್ಲಿನ ಬೇರು. ಹತ್ತು ಲಕ್ಷ ಪಾದ ತುಳಿದರೆ ಹುಲ್ಲು ಸಾಯುತ್ತದೆ. ಬರಿಮಣ್ಣಿನ ಮೇಲೆ ಮಳೆ ಬಿದ್ದರೆ ಮಣ್ಣು ತೊಳೆದುಹೋಗುತ್ತದೆ. ತಕೆದಾದಲ್ಲಿ ಆದದ್ದೂ ಅದೇ. ನಾನೂರು ವರ್ಷ ನೆಲದೊಳಗೆ ಭದ್ರವಾಗಿದ್ದ ಹೆಂಚಿನ ಚೂರುಗಳು ಮೇಲೆ ಕಾಣಿಸಿಕೊಂಡವು, ಜನ ಅವುಗಳ ಮೇಲೇ ನಡೆದರು. ಗೋಡೆಯ ತುದಿಗಲ್ಲಿನ ಮೇಲೆ ನಿಂತು ಚಿತ್ರ ತೆಗೆಯುವವರದು ಇನ್ನೊಂದು ಕಾಟ. ಗಾರೆಯಿಲ್ಲದ ಗೋಡೆಯಲ್ಲಿ ತುದಿಯ ಕಲ್ಲಿಗೆ ಮೇಲಿನಿಂದ ಭಾರವಿಲ್ಲ, ಹಿಂದಿನ ಮಣ್ಣೇ ಅದರ ಆಸರೆ. ಆ ಮಣ್ಣು ಹೋದರೆ ತುದಿಯ ಕಲ್ಲು ಸಡಿಲ, ಅದು ಜಾರಿದರೆ ಗುಂಡುಕಲ್ಲಿನ ಪದರಕ್ಕೆ ಮಣ್ಣು ಸೇರಿ ನೀರಿನ ದಾರಿ ಮುಚ್ಚುತ್ತದೆ, ಆಮೇಲೆ ಗೋಡೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬತೊಡಗುತ್ತದೆ. ಉಬ್ಬಿದ ಗೋಡೆಯನ್ನು ತಳ್ಳಿ ಸರಿಮಾಡಲು ಬರುವುದಿಲ್ಲ. ಕಲ್ಲಿಗೊಂದು ಸಂಖ್ಯೆ ಬರೆದು, ಬಿಚ್ಚಿ, ಮೊದಲಿನಿಂದ ಕಟ್ಟಬೇಕು.

ಊರಿನ ಪೌರಾಡಳಿತಕ್ಕೆ ಇಲ್ಲಿ ಇಕ್ಕಟ್ಟು. ಗುಡ್ಡಗಾಡಿನ ಸಣ್ಣ ಊರು, ಯುವಕರು ನಗರಕ್ಕೆ ಹೋಗುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಬಂದ ಯಾತ್ರಿಕರು ಹೋಟೆಲು, ಅಂಗಡಿ, ಟ್ಯಾಕ್ಸಿಗೆ ದುಡ್ಡು ತಂದವರು. ಆದರೂ ಅವರು ಬಾಗಿಲು ಹಾಕುವ ಧೈರ್ಯ ಮಾಡಿದರು. 2013ರಲ್ಲಿ ಪ್ರವೇಶಶುಲ್ಕ ಇಟ್ಟರು. ಅದೇ ಚಳಿಗಾಲದಲ್ಲಿ ಕೋಟೆಯನ್ನು ಪೂರ್ತಿ ಮುಚ್ಚಿ ನೆಲಕ್ಕೆ ವಿಶ್ರಾಂತಿ ಕೊಟ್ಟರು. ಹಾಳಾದ ಕಡೆ ಮಣ್ಣು ತುಂಬಿ, ನಡೆಯುವ ದಾರಿಗೆ ಚಾಪೆ ಹಾಸಿ, ಗೋಡೆಯ ಅಂಚಿಗೆ ಹೋಗದಂತೆ ಹಗ್ಗ ಕಟ್ಟಿದರು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುವ ಏಕಮುಖ ದಾರಿ ಮಾಡಿದರು. ಸ್ವಂತ ಕಾರುಗಳನ್ನು ಗುಡ್ಡದ ಕೆಳಗೇ ನಿಲ್ಲಿಸಿದರು. ಆಮೇಲಿನ ವರ್ಷಗಳಲ್ಲಿ ಯಾತ್ರಿಕರ ಸಂಖ್ಯೆ ಇಳಿಯಿತು. ಹಗ್ಗ ಚಿತ್ರದಲ್ಲಿ ಬಂದು ಅಂದ ಕೆಡಿಸುತ್ತದೆ ಎಂದು ದೂರುವವರಿದ್ದಾರೆ. ನಮಗೆ ಆ ದೂರು ಅಷ್ಟೇನೂ ಗಟ್ಟಿಯೆನಿಸುವುದಿಲ್ಲ. ನಮ್ಮ ಬೆಟ್ಟದ ಕೋಟೆಗಳಲ್ಲಿ ಕಲ್ಲಿನ ಮೇಲೆ ಬಣ್ಣದಲ್ಲಿ ಹೆಸರು ಬರೆದದ್ದನ್ನು, ನಿಧಿಗೆಂದು ನೆಲ ಅಗೆದದ್ದನ್ನು ನೋಡಿದವರು ಒಂದು ಹಗ್ಗ ಕಟ್ಟಿದ್ದಕ್ಕೆ ಬೇಸರಿಸಲಾರರು.

ಇನ್ನು ಮೋಡದ ವಿಷಯ. ಅದು ಮೋಡವಲ್ಲ, ಮಂಜು. ಹಗಲು ಬಿಸಿಲಿದ್ದು ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲ ಬೇಗ ತಣಿಯುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಗುಡ್ಡಗಳಿಂದ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಮರುಯಾಮಾ ನದಿಯ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ನೀರಿನಿಂದ ಎದ್ದ ಆವಿ ತಣ್ಣನೆಯ ಗಾಳಿಗೆ ತಾಗಿ ಮಂಜಾಗಿ ಕಣಿವೆ ತುಂಬುತ್ತದೆ. ಗಾಳಿ ಬೀಸದಿದ್ದರೆ ಹಾಲಿನ ಕೆರೆಯಂತೆ ನಿಂತುಬಿಡುತ್ತದೆ, ಬಿಸಿಲೇರಿದ ಹಾಗೆ ಕರಗುತ್ತದೆ. ಕೋಟೆಯ ಗುಡ್ಡ ಮಂಜಿನ ಮಟ್ಟಕ್ಕಿಂತ ತುಸು ಎತ್ತರ, ಆದ್ದರಿಂದ ನೆತ್ತಿ ಮಾತ್ರ ಹೊರಗೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ಭಾಗದವರೆಗೆ, ಬೆಳಗಿನ ಜಾವದಿಂದ ಎಂಟು ಗಂಟೆಯೊಳಗೆ ಇದು ಕಾಣಸಿಗುವ ಕಾಲ. ಅದೂ ದಿನಾ ಇಲ್ಲ.

ಒಸಾಕಾ, ಕೋಬೆ ಕಡೆ ಮಕ್ಕಳು ಕೆಲಸದಲ್ಲಿರುವ ಸದಸ್ಯರು ಹೋಗುವುದಾದರೆ ಈ ಮಾತು ಗಮನಿಸಿ. ಮೊಬೈಲಿನಲ್ಲಿ ಬಂದ ಆ ಚಿತ್ರವನ್ನು ಕೋಟೆಯಲ್ಲಿ ನಿಂತು ತೆಗೆಯಲಾಗದು. ಅದು ಕಣಿವೆಯ ಆಚೆ ಬದಿಯ ಬೆಟ್ಟದಲ್ಲಿರುವ ರಿತ್ಸುಉನ್ಕ್ಯೊ ಎಂಬ ಜಾಗದಿಂದ ಕಾಣುವ ನೋಟ. ಕೋಟೆಯೊಳಗೆ ನಿಂತವರಿಗೆ ಕಾಣುವುದು ಕಾಲಡಿಯ ಮಂಜು. ಎರಡೂ ಬೇಕೆಂದರೆ ಎರಡು ಬೆಳಗ್ಗೆ ಇಟ್ಟುಕೊಳ್ಳಬೇಕು. ಹಿಮೆಜಿಯಿಂದ ರೈಲಿನಲ್ಲಿ ಹೊರಟು ತೆರಾಮಾಯೆ ಎಂಬಲ್ಲಿ ಗಾಡಿ ಬದಲಿಸಿದರೆ ತಕೆದಾ ನಿಲ್ದಾಣ. ನಿಲ್ದಾಣದ ಹಿಂದಿನಿಂದಲೇ ಮೆಟ್ಟಿಲ ದಾರಿ ಹೊರಡುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಕಡಿದಾದ ಏರು, ನಮ್ಮ ವಯಸ್ಸಿನವರು ಊರುಗೋಲು ತೆಗೆದುಕೊಂಡು ಹೋಗುವುದು ಒಳ್ಳೆಯದು. ಮಂಡಿ ನೋವಿನವರಿಗೆ ಬಸ್ಸಿನ ವ್ಯವಸ್ಥೆ ಇದೆ, ಆದರೂ ಕೊನೆಯ ತುಂಡನ್ನು ನಡೆದೇ ಹತ್ತಬೇಕು. ಪ್ರವೇಶಕ್ಕೆ ದೊಡ್ಡವರಿಗೆ 500 ಯೆನ್. ಜನವರಿ, ಫೆಬ್ರವರಿಯಲ್ಲಿ ಕೋಟೆ ಮುಚ್ಚಿರುತ್ತದೆ, ಟಿಕೆಟ್ ಮಾಡಿಸುವ ಮೊದಲು ವಿಚಾರಿಸಿ.

ಕೆಳಗೆ ಊರಿನಲ್ಲಿ, ರೈಲುಹಳಿಯ ಪಕ್ಕದಲ್ಲೇ, ನಾಲ್ಕು ಬೌದ್ಧ ದೇಗುಲಗಳೂ ಒಂದು ಶಿಂತೊ ಗುಡಿಯೂ ಸಾಲಾಗಿರುವ ಬೀದಿಯಿದೆ. ಅವುಗಳಲ್ಲಿ ಹೋಜುಜಿ ಎಂಬ ದೇಗುಲದ ಹಿಂದೆ ಹಿರೋಹಿದೆಯ ನೆನಪಿನ ಕಲ್ಲಿನ ಗೋಪುರ ಇದೆ. ಮೇಲೆ ಹೋದವರಲ್ಲಿ ಹೆಚ್ಚಿನವರು ಅದನ್ನು ನೋಡದೆ ರೈಲು ಹತ್ತುತ್ತಾರೆ. ರೈಲುಗಳ ನಡುವೆ ಅಂತರ ಹೆಚ್ಚು, ಸಮಯ ಸಿಕ್ಕೇ ಸಿಗುತ್ತದೆ, ನಮ್ಮವರು ನೋಡಿ ಬರಲಿ. ಹೋಗಿ ಬಂದವರು ಚಿತ್ರ ಕಳಿಸಿದರೆ ಇದೇ ಪುಟದಲ್ಲಿ ಹಾಕುತ್ತೇವೆ.